ಪಂಚರಿಲ್ಲದ ಪಂದ್ಯದಲ್ಲಿ ಮುಮ್ಮಡಿ ಕೃಷ್ಣರಾಜರು

ಆಷಾಢದ ಮಳೆ ಹಿಡಿದು ಕೂತಿತೆಂದರೆ ಶಿರಸಿ ತಾಲ್ಲೂಕಿನ ಮತ್ತಿಘಟ್ಟದಲ್ಲಿ ತೋಟದವರಿಗೆ ಕೈಕಟ್ಟಿ ಹಾಕಿದಂತಾಗುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣ ಸಿಂಪಡಿಸಬೇಕೆಂದರೂ ಒಂದೆರಡು ದಿನದ ಹೊಳವು ಬೇಕು. ಹೊಳವಾಗುವ ತನಕ ಜಗಲಿಯ ಮೇಲೆ ಚದುರಂಗ. ನಾನು ಬಾಲ್ಯದಲ್ಲಿ ಅಲ್ಲಿ ಕಲಿತ ಆಟದಲ್ಲಿ ಕಾಲಾಳು ತನ್ನ ಮೊದಲ ನಡೆಯಲ್ಲೂ ಒಂದೇ ಮನೆ ಮುಂದಕ್ಕೆ ಹೋಗುತ್ತಿತ್ತು. ಆನೆಯೊಡನೆ ಸೇರಿ ಕೋಟೆ ಕಟ್ಟುವ ಪದ್ಧತಿ ಇರಲಿಲ್ಲ. ಬದಲಿಗೆ ರಾಜನು ಶಹ ಬೀಳುವುದಕ್ಕೆ ಮುನ್ನ ಒಂದೇ ಒಂದು ಬಾರಿ ಕುದುರೆಯಂತೆ ಜಿಗಿಯಬಹುದಿತ್ತು. ಕಟ್ಟಕಡೆಯ ಸಾಲು ಮುಟ್ಟಿದ ಕಾಲಾಳು ಆ ಸಾಲಿನ ಮೂಲ ಕಾಯಿ ಯಾವುದೋ ಅದೇ ಆಗಬೇಕು, ಎಲ್ಲವೂ ಮಂತ್ರಿಯಾಗುವಂತಿರಲಿಲ್ಲ. ತಕರಾರು ಬಂದರೆ ಪಕ್ಕದಲ್ಲಿ ಕವಳ ಮೆಲ್ಲುತ್ತ ಕೂತ ಹಿರಿಯರೊಬ್ಬರು ಪಂಚರಾಗಿ ತೀರ್ಪು ಹೇಳುತ್ತಿದ್ದರು. ಅವರು ಎಂದೂ ಕಾಯಿ ಮುಟ್ಟಿದವರಲ್ಲ. ಆಡುವವನು ತೀರ್ಪು ಹೇಳಬಾರದು ಎಂಬ ಒಂದು ನಿಯಮದ ಬಗ್ಗೆ ಮಾತ್ರ ಜಗಲಿಯಲ್ಲಿ ಎಂದೂ ತಕರಾರು ಬರಲಿಲ್ಲ.

ಮುಂದೆ ಅರ್ಥಶಾಸ್ತ್ರ ಓದಲು ಊರು ಬಿಟ್ಟ ಮೇಲೆ ಕಾಲೇಜುಗಳ ನಡುವಣ ಪಂದ್ಯವೊಂದರಲ್ಲಿ ಎದುರಾಳಿ ಕಾಲಾಳನ್ನು ಎರಡು ಮನೆ ನೂಕಿದಾಗ ನಾನು ಕೈ ಎತ್ತಿ ಆಕ್ಷೇಪಿಸಿದೆ. ನಗೆಗೀಡಾದೆ. ನಮ್ಮ ಜಗಲಿಯ ನಿಯಮ ತಪ್ಪೆಂದು ಯಾರು, ಎಲ್ಲಿ, ಯಾವ ಅಧಿಕಾರದಿಂದ ನಿರ್ಧರಿಸಿದರು ಎಂಬ ಪ್ರಶ್ನೆ ಅಂದು ಮನಸ್ಸಿಗೆ ಬಂತು. ಸೇವೆಯಲ್ಲಿದ್ದಷ್ಟು ಕಾಲ ನಿಯಮಾವಳಿಗಳ ನಡುವೆಯೇ ಬದುಕಿದವನಿಗೆ ಆ ಪ್ರಶ್ನೆ ಮರೆಯುವಂಥದ್ದಲ್ಲ. ಅದರ ಜಾಡು ಹಿಡಿದು ಹೋದರೆ ಒಂದು ಕವಲು ಪ್ಯಾರಿಸ್ಸಿಗೆ ಹೋಗುತ್ತದೆ, ಇನ್ನೊಂದು ಮೈಸೂರಿನ ಅರಮನೆಗೆ.

ಪ್ಯಾರಿಸ್ಸಿನ ಕಥೆ ಚಿಕ್ಕದು. 1924ರ ಒಲಿಂಪಿಕ್ ಕ್ರೀಡಾಕೂಟದ ಹೊತ್ತಿಗೆ ಆ ನಗರದಲ್ಲಿ ಚದುರಂಗದ ಪಂದ್ಯಗಳೂ ನಡೆದವು. ಅದರ ಕೊನೆಯಲ್ಲಿ, ಜುಲೈ 20ರಂದು, 15 ಮಂದಿ ಪ್ರತಿನಿಧಿಗಳು ಸೇರಿ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟಕ್ಕೆ ಸಹಿ ಹಾಕಿದರು. ಇಂದು ಫಿಡೆ ಎಂದು ಕರೆಯುವುದು ಅದನ್ನೇ. ಫ್ರಾನ್ಸಿನ ಪಿಯರ್ ವಿನ್ಸೆಂಟ್ ಓಡಾಡಿ ಎಲ್ಲರನ್ನೂ ಕೂಡಿಸಿದರು. ನೆದರ್ಲೆಂಡ್ಸಿನ ವಕೀಲ ಅಲೆಕ್ಸಾಂಡರ್ ರೂಬ್ ಮೊದಲ ಅಧ್ಯಕ್ಷರಾಗಿ 1949ರವರೆಗೆ ಇದ್ದರು. ಒಕ್ಕೂಟಕ್ಕೆ ಹಣವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಆಟದ ನಿಯಮಗಳನ್ನು ಒಂದುಗೂಡಿಸಿ ಪ್ರಕಟಿಸುವಷ್ಟು ಕೆಲಸ ಅದಕ್ಕೆ ಆರಂಭದ ವರ್ಷಗಳಲ್ಲಿ ದಕ್ಕಿತು. ವಿಶ್ವ ಚಾಂಪಿಯನ್ ಪಟ್ಟದ ಮೇಲೆ ಅದರ ಮಾತು ನಡೆಯುತ್ತಿರಲಿಲ್ಲ. ಪಟ್ಟದಲ್ಲಿ ಕೂತವನೇ ತನ್ನನ್ನು ಯಾರು, ಎಷ್ಟು ಹಣಕ್ಕೆ, ಯಾವ ಷರತ್ತಿನ ಮೇಲೆ ಎದುರಿಸಬೇಕೆಂದು ಗೊತ್ತುಮಾಡುತ್ತಿದ್ದ. 1922ರಲ್ಲಿ ಕಾಪಾಬ್ಲಾಂಕ ಮುಂದಿಟ್ಟ ಲಂಡನ್ ನಿಯಮಗಳ ಪ್ರಕಾರ ಸವಾಲು ಹಾಕುವವನು 10,000 ಡಾಲರ್ ಹೊಂದಿಸಬೇಕಿತ್ತು. ಆಟಗಾರನೇ ಪಂಚನಾಗಿದ್ದ ಈ ವ್ಯವಸ್ಥೆ ಮುರಿದದ್ದು 1946ರಲ್ಲಿ ಅಲೆಖಿನ್ ಪಟ್ಟದಲ್ಲಿದ್ದಾಗಲೇ ತೀರಿಕೊಂಡ ಮೇಲೆ. ಪಟ್ಟ ಖಾಲಿಯಾಗಿ, ಒಕ್ಕೂಟ 1948ರಲ್ಲಿ ತಾನೇ ಪಂದ್ಯ ಏರ್ಪಡಿಸಿತು, ಬೋಟ್ವಿನಿಕ್ ಗೆದ್ದರು. ಒಬ್ಬ ಪಂಚನನ್ನು ಸೃಷ್ಟಿಸಲು ಚದುರಂಗ ಜಗತ್ತಿಗೆ 24 ವರ್ಷ ಹಿಡಿಯಿತು ಎನ್ನಬಹುದು.

ಈಗ ಮೈಸೂರಿನ ಕವಲು. ಪ್ಯಾರಿಸ್ಸಿಗೆ ಎಷ್ಟೋ ಮೊದಲೇ ನಮ್ಮ ನಾಡಿನ ಅರಸರೊಬ್ಬರು ಆಟಗಳ ನಿಯಮಗಳನ್ನು ಕೂಡಿಸಿ, ವಿಂಗಡಿಸಿ, ಬರೆಯಿಸಿ ಇಟ್ಟರು. ಆದರೆ ಅವರ ಬಾಳನ್ನು ನಿರ್ಧರಿಸಿದ ಪಂದ್ಯದಲ್ಲಿ ಎದುರಾಳಿಯೇ ಪಂಚನೂ ಆಗಿದ್ದ.

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಮಗು ಹುಟ್ಟಿದಾಗ ಒಡೆಯರ ಮನೆತನಕ್ಕೆ ರಾಜ್ಯವಿರಲಿಲ್ಲ. ಇಮ್ಮಡಿ ಕೃಷ್ಣರಾಜರ ವಿಧವೆ ಲಕ್ಷ್ಮಮ್ಮಣ್ಣಿಯವರು ಹೈದರನ ಕಾಲದಿಂದಲೂ ತಿರುಮಲರಾಯನ ಮೂಲಕ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸುತ್ತಲೇ ಇದ್ದರು. 1799ರ ಮೇ 4ರಂದು ಟಿಪ್ಪು ಮಡಿದ. ಜೂನ್ 30ರಂದು ಮೈಸೂರಿನಲ್ಲಿ ಬಾಲಕನಿಗೆ ಪಟ್ಟ ಕಟ್ಟಲಾಯಿತು. ಅರಮನೆಯೆಂಬುದು ಉಳಿದಿರಲಿಲ್ಲವಾದ್ದರಿಂದ ಚಪ್ಪರವೊಂದರಲ್ಲಿ ಆ ವಿಧಿ ನಡೆಯಿತು. ಜುಲೈ 8ರಂದು ಕಂಪನಿಯೊಡನೆ ಒಪ್ಪಂದವಾಯಿತು. ಅರಸನಿಗೆ ಐದು ವರ್ಷ ತುಂಬಲು ಇನ್ನೂ ಆರು ದಿನ ಬಾಕಿಯಿತ್ತು. ಅವನ ಪರವಾಗಿ ಒಪ್ಪಿದವರು ಲಕ್ಷ್ಮಮ್ಮಣ್ಣಿ ಮತ್ತು ಪೂರ್ಣಯ್ಯ.

ಆ ಒಪ್ಪಂದವನ್ನು ಆಡಳಿತಗಾರನ ಕಣ್ಣಿನಿಂದ ಓದುವುದು ಒಂದು ಪಾಠ. ಮೈಸೂರಿನ ರಕ್ಷಣೆಗಾಗಿ ಕಂಪನಿ ಇರಿಸುವ ಸೈನ್ಯಕ್ಕೆ ರಾಜ್ಯವು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ ಕಪ್ಪ ಕೊಡಬೇಕು. ಒಪ್ಪಂದದ ಕಾಲದಲ್ಲಿ ಅಂದಾಜು ಮಾಡಿದ್ದ ಆದಾಯದ ಅರ್ಧಕ್ಕೂ ಮಿಕ್ಕ ಮೊತ್ತವಿದು. ಇದಕ್ಕಿಂತ ಮುಖ್ಯವಾದದ್ದು ನಾಲ್ಕನೆಯ ವಿಧಿ. ಈ ಹಣ ಬಾರದೇ ಹೋದೀತೆಂಬ ಆತಂಕಕ್ಕೆ ಕಾರಣವಿದೆಯೆಂದು ಗವರ್ನರ್ ಜನರಲ್ಲರಿಗೆ ತೋರಿದರೆ ಅವರು ಆಡಳಿತಕ್ಕೆ ಕಟ್ಟುಪಾಡು ವಿಧಿಸಬಹುದು, ಇಲ್ಲವೇ ಬೇಕಾದಷ್ಟು ಪ್ರದೇಶವನ್ನು ನೇರವಾಗಿ ವಹಿಸಿಕೊಳ್ಳಬಹುದು. ಆತಂಕವುಂಟೋ ಇಲ್ಲವೋ ಎಂದು ತೀರ್ಮಾನಿಸುವವರೂ ಅವರೇ. ಮೂರನೆಯವರ ಮುಂದೆ ಹೋಗುವ ಹಾದಿ ಒಪ್ಪಂದದಲ್ಲಿ ಎಲ್ಲೂ ಇಲ್ಲ.

ರಾಜ್ಯ ಹಂಚಿದ ಆಯೋಗಕ್ಕೆ ಕಾರ್ಯದರ್ಶಿಗಳಾಗಿದ್ದವರು ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೊ. ಆ ಕೆಲಸ ಮುಗಿಸಿದ ಮನ್ರೊ ಅದೇ ವರ್ಷ ಕೆನರಾ ಜಿಲ್ಲೆಯ ಕಲೆಕ್ಟರಾಗಿ ಬಂದರು. ಸೋದೆ ಸೀಮೆ, ಅದರೊಳಗಿನ ಶಿರಸಿಯ ಕಡೆಯ ಹಳ್ಳಿಗಳು ಈ ಹಂಚಿಕೆಯಲ್ಲಿ ಕಂಪನಿಗೆ ಸಂದವು. ಘಟ್ಟದ ಮೇಲಿನ ನೆರೆಯ ನಗರ ಸೀಮೆ ಮೈಸೂರಿಗೆ ಉಳಿಯಿತು. ಭಾಷೆ, ಬೆಳೆ, ನಂಟಸ್ತಿಕೆ ಎಲ್ಲವೂ ಒಂದೇ ಆಗಿದ್ದ ಮಲೆನಾಡಿನ ನಡುವೆ ಗಡಿಯೊಂದು ಬಿತ್ತು. ಮುಂದಿನ ಕಥೆಗೆ ಈ ಗಡಿ ಬೇಕಾಗುತ್ತದೆ.

ಪೂರ್ಣಯ್ಯನವರ ದಿವಾನಗಿರಿಯನ್ನು ಎಲ್ಲರೂ ಹೊಗಳುತ್ತಾರೆ. ಕಪ್ಪ ಒಂದು ಕಂತೂ ತಪ್ಪಲಿಲ್ಲ, ಬೊಕ್ಕಸ ತುಂಬಿತು. ತುಂಬಿದ ಬೊಕ್ಕಸಕ್ಕೆ ರೈತರು ತೆತ್ತ ಬೆಲೆ ಏನೆಂಬುದನ್ನು ಹೊಗಳುವವರು ಅಷ್ಟಾಗಿ ಕೇಳುವುದಿಲ್ಲ. 1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟರು, ಮರುವರ್ಷ ತೀರಿಕೊಂಡರು. ಅಜ್ಜಿ ಲಕ್ಷ್ಮಮ್ಮಣ್ಣಿ 1810ರಲ್ಲೇ ಹೋಗಿದ್ದರು. ಹದಿನೇಳರ ಹರೆಯದಲ್ಲಿ ಕೃಷ್ಣರಾಜರು ಒಬ್ಬರೇ ಆಳತೊಡಗಿದರು.

ಅವರು ಒಳ್ಳೆಯ ಆಡಳಿತಗಾರರಾಗಿದ್ದರು ಎಂದು ನಾನು ವಾದಿಸಲಾರೆ. ಕೈ ದೊಡ್ಡದು; ಇನಾಮು, ಉಂಬಳಿ, ದಾನಗಳಿಗೆ ಲೆಕ್ಕವಿರಲಿಲ್ಲ. ಸುತ್ತ ನೆರೆದ ಕೃಪಾಪಾತ್ರರನ್ನು ಹದ್ದಿನಲ್ಲಿಡುವುದು ಅವರಿಗೆ ಆಗಲಿಲ್ಲ. ಸೈನಿಕರ ಸಂಬಳ ಬಾಕಿ ಬಿತ್ತು. ಅಮಲ್ದಾರರು ಇಂತಿಷ್ಟು ಕಂದಾಯ ತಂದೇ ತರುತ್ತೇವೆಂದು ಮುಚ್ಚಳಿಕೆ ಬರೆದುಕೊಡುವ ಶರ್ತು ಪದ್ಧತಿ ರೈತನ ಬೆನ್ನು ಮುರಿಯಿತು. ಗುರಿ ಮುಟ್ಟಿಸಿದವನೇ ಸಮರ್ಥ ಅಧಿಕಾರಿ ಎಂಬ ಮಾನದಂಡ ಎಷ್ಟು ಅಪಾಯಕಾರಿ ಎಂಬುದನ್ನು ವಸೂಲಿಯ ಪಟ್ಟಿ ಹಿಡಿದು ಸಭೆಗಳಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ದೂರಿನ ಪಟ್ಟಿಯಲ್ಲಿ ಕಾಣದ ಒಂದು ಅಂಶವಿದೆ. 1820ರ ದಶಕದಿಂದ ದಕ್ಷಿಣ ಭಾರತದಲ್ಲಿ ಧಾನ್ಯದ ಬೆಲೆ ಇಳಿಯುತ್ತ ಹೋಯಿತು. ರೈತನ ಕೈಗೆ ಬರುವ ನಾಣ್ಯ ಕಡಿಮೆಯಾಯಿತು. ಕಪ್ಪ ಮಾತ್ರ ನಾಣ್ಯದ ಲೆಕ್ಕದಲ್ಲಿ ನಿಗದಿಯಾಗಿತ್ತು. ಬೆಲೆ ಇಳಿದಷ್ಟೂ ಅದೇ ಏಳು ಲಕ್ಷ ಪಗೋಡ ಹೊಂದಿಸಲು ಹೆಚ್ಚು ಖಂಡುಗ ಭತ್ತ, ಹೆಚ್ಚು ರಾಗಿ ಮಾರಬೇಕು. ಅರಸ ಎಷ್ಟೇ ಮಿತವ್ಯಯಿಯಾಗಿದ್ದರೂ ಈ ಹೊರೆ ಕಾಲಕಾಲಕ್ಕೆ ಭಾರವಾಗುತ್ತಲೇ ಇತ್ತು. ಇದರ ಮೇಲೆ 1807ರ ಒಪ್ಪಂದದ ಪ್ರಕಾರ ನಾಲ್ಕು ಸಾವಿರ ಕುದುರೆ ಸವಾರರನ್ನು ಸಾಕುವ ವೆಚ್ಚವಿತ್ತು.

1830ರಲ್ಲಿ ನಗರ ಸೀಮೆ ಹೊತ್ತಿಕೊಂಡಿತು. ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದರು. ಬೂದಿ ಬಸವಪ್ಪ ತಾನು ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡು ಮುಂದಾಳಾದ. ಮೈಸೂರಿನ ದಂಡು ಸಾಲದೆ ಕಂಪನಿಯ ಸೈನ್ಯ ಬರಬೇಕಾಯಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ನಾಲ್ಕನೆಯ ವಿಧಿಯನ್ನು ಕೈಗೆತ್ತಿಕೊಂಡರು. ಪತ್ರ ಬರೆದದ್ದು 1831ರ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ, ದಸರೆಯ ದಿನಗಳಲ್ಲಿ, ಅದು ಅರಸರ ಕೈ ಸೇರಿತು. ಒಪ್ಪಂದ ಹೇಳಿದ್ದು ಬೇಕಾದಷ್ಟು ಪ್ರದೇಶವನ್ನು. ಬೆಂಟಿಂಕ್ ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ಅರಸರು ಪ್ರತಿಭಟಿಸದೆ ಬಿಟ್ಟುಕೊಟ್ಟರು. ಆಗ ಅವರಿಗೆ ಮೂವತ್ತೇಳು ವರ್ಷ.

ಈಗ ಆ ಗಡಿಯ ಈಚೆಗೆ ನೋಡಬೇಕು. ಅದೇ 1830 ಮತ್ತು 31ರಲ್ಲಿ ಕಂಪನಿಯದೇ ಆಡಳಿತವಿದ್ದ ಕೆನರಾ ಜಿಲ್ಲೆಯಲ್ಲೂ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದ್ದರು. ಕಾರಣಗಳೂ ಹೆಚ್ಚುಕಡಿಮೆ ಅವೇ: ಇಳಿದ ಬೆಲೆ, ಇಳಿಯದ ಕಂದಾಯ. ಒಂದು ಕಡೆಯ ದಂಗೆ ಅರಸನ ಅಸಾಮರ್ಥ್ಯಕ್ಕೆ ಸಾಕ್ಷಿಯಾಯಿತು, ಇನ್ನೊಂದು ಕಡೆಯದು ಕಲೆಕ್ಟರರ ಕಡತದ ವಿಷಯವಾಯಿತು. ಒಂದೇ ನಡೆ ಒಬ್ಬನಿಗೆ ತಪ್ಪು, ಇನ್ನೊಬ್ಬನಿಗೆ ಸರಿ ಎಂದು ನಮ್ಮ ಜಗಲಿಯ ಪಂಚರು ಹೇಳಿದ್ದರೆ ಮರುದಿನ ಅವರನ್ನು ಯಾರೂ ಕೂರಿಸುತ್ತಿರಲಿಲ್ಲ. ಮೈಸೂರಿನ ವಿಷಯ ವಿಚಾರಿಸಲು ಬೆಂಟಿಂಕರೇ ನೇಮಿಸಿದ ಸಮಿತಿ 1833ರಲ್ಲಿ ಕೊಟ್ಟ ವರದಿ ಅರಸರ ಮೇಲಿನ ದೂರುಗಳ ತೀವ್ರತೆಯನ್ನು ಬಹಳಷ್ಟು ತಗ್ಗಿಸಿತು. ಬೆಂಟಿಂಕರಿಗೂ ಅಳುಕು ಹುಟ್ಟಿತು. ಕಪ್ಪಕ್ಕೆ ಬೇಕಾದಷ್ಟು ಭಾಗ ಇಟ್ಟುಕೊಂಡು ಉಳಿದುದನ್ನು ಮರಳಿಸೋಣವೆಂದು ಅವರು ಸೂಚಿಸಿದರು. ಲಂಡನ್ನಿನವರು ಒಪ್ಪಲಿಲ್ಲ. ಒಮ್ಮೆ ಕೈಬಿಟ್ಟ ಕಾಯಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ ಎಂಬ ನಿಯಮ ಈ ಪಂದ್ಯದಲ್ಲಿ ಅರಸರಿಗೆ ಮಾತ್ರ ಅನ್ವಯಿಸಿತು.

ಅಲ್ಲಿಂದ ಮೂವತ್ತಾರು ವರ್ಷ. ವರ್ಷಕ್ಕೆ ಒಂದು ಲಕ್ಷ ಪಗೋಡ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು. ಇದು ಅರಸರಿಗೆ ಬಿಟ್ಟ ಜೀವನಾಂಶ. ಬೆಂಗಳೂರಿನಲ್ಲಿ ಕಮಿಷನರುಗಳು ಆಳಿದರು. ಅವರ ಪೈಕಿ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಇದ್ದರು. ಮೈಸೂರಿನಲ್ಲಿ ಅರಸರು ದರ್ಬಾರು ನಡೆಸಿದರು, ಶಾಲೆ ತೆರೆದರು (ಇಂದಿನ ಮಹಾರಾಜಾ ಕಾಲೇಜಿನ ಬೇರು 1833ರ ಆ ಶಾಲೆಯಲ್ಲಿದೆ), ಪಂಡಿತರನ್ನೂ ವೈಣಿಕರನ್ನೂ ಚಿತ್ರಕಾರರನ್ನೂ ಸಾಕಿದರು. ಹಾಗೂ ಆಟಗಳ ಶಾಸ್ತ್ರ ಬರೆಯಿಸಿದರು.

ಶ್ರೀತತ್ತ್ವನಿಧಿ ಎಂಬ ಅವರ ಬೃಹತ್ ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಎಂಬ ನಿಧಿಗಳಲ್ಲಿ ದೇವತೆಗಳ ಬಣ್ಣ, ಕೈಗಳ ಸಂಖ್ಯೆ, ಆಯುಧ, ವಾಹನಗಳು ಒಂದೊಂದಾಗಿ ನಮೂದಾಗಿವೆ. ಒಂಬತ್ತನೆಯದು ಕೌತುಕ ನಿಧಿ; ಅದರಲ್ಲಿ ಆಟಗಳು. ದೇವರುಗಳ ಸಾಲಿನಲ್ಲೇ ಆಟಕ್ಕೂ ಒಂದು ಸ್ಥಾನ ಕೊಟ್ಟದ್ದನ್ನು ಗಮನಿಸಬೇಕು. ಛದವೆಂದು ಕರೆದ ಎಲೆಯಾಟಗಳಲ್ಲಿ ಹದಿಮೂರು ಬಗೆ. 36 ಎಲೆಗಳ ಕಟ್ಟಿನಿಂದ 360 ಎಲೆಗಳ ಕಟ್ಟಿನವರೆಗೆ. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆ. ಯಾವ ಎಲೆ ಯಾವುದನ್ನು ಗೆಲ್ಲುತ್ತದೆ ಎಂಬುದು ಗೊತ್ತಿಲ್ಲದೆ ಈ ಆಟ ಒಂದು ಸುತ್ತೂ ಸಾಗದು. ಇದರ ಹಿಂದಿರುವುದು ಸೋಮಾರಿಯ ಕಾಲಹರಣವೆಂದು ಹೇಳುವವರನ್ನು ನಾನು ಒಪ್ಪಲಾರೆ. ಭೂಮಾಪನದ ವಹಿಯನ್ನು ಕಂಡವರಿಗೆ ಇಲ್ಲಿ ಅಂಥದೇ ಒಂದು ಮನಸ್ಸು ಕಾಣುತ್ತದೆ: ಪ್ರತಿ ತುಂಡಿಗೆ ಸಂಖ್ಯೆ, ಪ್ರತಿ ಸಂಖ್ಯೆಗೆ ಸ್ಥಾನ. ರಾಜ್ಯವಾಳುವಾಗ ಈ ಶಿಸ್ತು ಅವರಲ್ಲಿ ಕಾಣಲಿಲ್ಲವಲ್ಲ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಕನ್ನಡ ನಾಡಿಗೆ ಇದು ಹೊಸತೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಜೊತೆಗೆ ಚದುರಂಗವನ್ನೂ ವಿವರಿಸಿದ್ದ. ಆದರೆ ಮುಮ್ಮಡಿಯವರು ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟದ್ದು ಕುದುರೆಯ ನಡೆಯ ಒಂದು ಸಮಸ್ಯೆಯ ಮೇಲೆ. ಬರಿದಾದ ಮಣೆಯ ಮೇಲೆ ಒಂದೇ ಕುದುರೆ. ಅದು ತನ್ನ ವಕ್ರ ನಡೆಯಲ್ಲೇ ಅರವತ್ನಾಲ್ಕು ಮನೆಗಳನ್ನೂ ಒಂದೊಂದು ಬಾರಿ, ಒಂದೇ ಬಾರಿ, ಮೆಟ್ಟಬೇಕು. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನಿಗೂ ಈ ನಡೆ ಗೊತ್ತಿತ್ತು. ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಬರೆಯುತ್ತ ಹೋಗಿ. ಅವೆಲ್ಲದರ ಮೊತ್ತ 2080. ಎಂಟು ಸಾಲಿಗೆ ಹಂಚಿದರೆ ಸಾಲಿಗೆ 260. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಸರಿಯಾಗಿ 260 ಬರುವಂತೆ ಕುದುರೆಯನ್ನು ಓಡಿಸಬೇಕೆಂದರೆ ಸಮಸ್ಯೆ ಅತಿ ಕಠಿಣವಾಗುತ್ತದೆ. ಯುರೋಪಿನಲ್ಲಿ ಅಂಥ ಮೊದಲ ಪರಿಹಾರ ಪ್ರಕಟವಾದದ್ದು 1848ರಲ್ಲಿ, ವಿಲಿಯಂ ಬೆವರ್ಲಿ ಎಂಬವರಿಂದ. ಅದರ ನಂತರದ ಎರಡು ದಶಕಗಳೊಳಗೆ ಮೈಸೂರಿನ ಅರಮನೆಯಲ್ಲೂ ಅಂಥ ನಡೆ ಸಿದ್ಧವಾಯಿತು. ಚದುರಂಗದ ಇತಿಹಾಸಕಾರ ಮರ್‍ರೇ ಅದನ್ನು ಮೈಸೂರಿನ ರಾಜರ ಹೆಸರಿನಲ್ಲೇ ದಾಖಲಿಸಿದ್ದಾರೆ. 2003ರಲ್ಲಿ ಗಣಕಯಂತ್ರಗಳು ತಿಂಗಳುಗಟ್ಟಲೆ ಹುಡುಕಿ ಕೊಟ್ಟ ಲೆಕ್ಕದಂತೆ ಇಂಥ ನಡೆಗಳ ಮೂಲರೂಪಗಳು ಒಟ್ಟು 140. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳೂ 260 ಬರುವ ನಡೆ ಒಂದೂ ಇಲ್ಲ. ಅರಮನೆಯಲ್ಲಿ ಕೂತು ಕೈಬರಹದಲ್ಲಿ ಇದನ್ನು ಸಾಧಿಸಲು ಎಷ್ಟು ರಾತ್ರಿಗಳು ಬೇಕಾಗಿದ್ದವೋ.

ಇತ್ತ ಅರ್ಜಿಗಳ ಕೆಲಸವೂ ನಿಲ್ಲಲಿಲ್ಲ. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದಾಗಲೆಲ್ಲ ಮೈಸೂರಿನಿಂದ ಮನವಿ ಹೋಯಿತು, ಲಂಡನ್ನಿಗೂ ಹೋಯಿತು. ಒಪ್ಪಂದದ ವಿಧಿಯನ್ನು ಹಿಡಿದೇ ವಾದ ಮಾಡಿದರು. 1857ರಲ್ಲಿ ಕಂಪನಿಗೆ ನಿಷ್ಠರಾಗಿ ಉಳಿದರು. ಗಂಡು ಸಂತಾನವಿಲ್ಲದ ಅರಸರ ರಾಜ್ಯವನ್ನು ಸೇರಿಸಿಕೊಳ್ಳುವ ಕಾಲ ಅದು. ವಯಸ್ಸಾದ ಅರಸರು ಕಣ್ಣು ಮುಚ್ಚಿದರೆ ಮೈಸೂರು ತಾನಾಗಿ ಕೈಸೇರುತ್ತದೆಂದು ಕಲ್ಕತ್ತೆಯಲ್ಲಿ ಹಲವರು ಕಾಯುತ್ತಿದ್ದರು. 1865ರ ಜೂನ್ ತಿಂಗಳಲ್ಲಿ, ಎಪ್ಪತ್ತು ದಾಟಿದ ಕೃಷ್ಣರಾಜರು ಯಾರ ಅಪ್ಪಣೆಗೂ ಕಾಯದೆ ಬಾಲಕ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆಟದ ಮಾತಿನಲ್ಲಿ ಹೇಳುವುದಾದರೆ, ನಮ್ಮ ಹಳೆಯ ಚದುರಂಗದಲ್ಲಿ ರಾಜನಿಗೆ ಇದ್ದ ಒಂದೇ ಜಿಗಿತವನ್ನು ಅವರು ಅಷ್ಟು ವರ್ಷ ಕಾದಿಟ್ಟುಕೊಂಡಿದ್ದರು. ಕಮಿಷನರ್ ಬೌರಿಂಗ್ ಮತ್ತು ಕಲ್ಕತ್ತೆಯ ಸರ್ಕಾರ ಮೊದಲು ದತ್ತಕವನ್ನು ರಾಜ್ಯದ ಮಟ್ಟಿಗೆ ಮಾನ್ಯ ಮಾಡಲಿಲ್ಲ. 1867ರ ಏಪ್ರಿಲಿನಲ್ಲಿ ಲಂಡನ್ನಿನ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಮಾನ್ಯ ಮಾಡಿದರು. ಮೊದಲ ಬಾರಿಗೆ ತೀರ್ಪು ಅರಸರ ಕಡೆಗೆ ಬಂತು. ಹನ್ನೊಂದು ತಿಂಗಳ ಬಳಿಕ, 1868ರ ಮಾರ್ಚ್ 27ರಂದು, ಅವರು ತೀರಿಕೊಂಡರು.

1881ರ ಮಾರ್ಚ್ 25ರಂದು ಚಾಮರಾಜೇಂದ್ರರಿಗೆ ರಾಜ್ಯ ಮರಳಿತು. ಹಸ್ತಾಂತರ ಪತ್ರದಲ್ಲಿ 24 ವಿಧಿಗಳಿದ್ದವು. ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಲು ಅದರಲ್ಲಿ ಅವಕಾಶವಿತ್ತು. ಷರತ್ತು ಮುರಿಯಿತೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಈ ಬಾರಿಯೂ ಗವರ್ನರ್ ಜನರಲ್ಲರ ಬಳಿಯೇ ಉಳಿಯಿತು.

ಆಟದ ನಿಯಮಗಳ ಗತಿ ಬೇರೆಯಾಯಿತು. ಕೌತುಕ ನಿಧಿ ಅರಮನೆಯ ಗ್ರಂಥಭಂಡಾರದಲ್ಲಿ ಉಳಿಯಿತು. ಅದನ್ನು ಊರೂರಿಗೆ ಒಯ್ಯುವ ಸಂಘವಾಗಲಿ, ವರ್ಷಕ್ಕೊಮ್ಮೆ ಕೂಡುವ ಸಭೆಯಾಗಲಿ ಇರಲಿಲ್ಲ. 1951ರಲ್ಲಿ ಅಖಿಲ ಭಾರತ ಚದುರಂಗ ಒಕ್ಕೂಟ ಹುಟ್ಟಿ, ಪ್ಯಾರಿಸ್ಸಿನಲ್ಲಿ ಮೊದಲಾದ ಒಕ್ಕೂಟದ ನಿಯಮ ನಮ್ಮದೂ ಆಯಿತು. ಅದಕ್ಕೆ ಮೊದಲೇ, ದೇಸಿ ನಿಯಮದಲ್ಲಿ ಆಟ ಕಲಿತಿದ್ದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ ಹೊಸ ನಿಯಮ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆಗಿದ್ದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಡಲು ಒಕ್ಕೂಟಕ್ಕೆ 2024ರವರೆಗೆ ಹಿಡಿಯಿತು.

ಮೈಸೂರಿನ ಜಗನ್ಮೋಹನ ಅರಮನೆಯನ್ನು ಮುಮ್ಮಡಿಯವರು ಕಟ್ಟಿಸಿದ್ದು 1861ರಲ್ಲಿ, ರಾಜ್ಯ ಕೈತಪ್ಪಿ ಮೂವತ್ತು ವರ್ಷವಾದ ಮೇಲೆ. ಅದರ ಗೋಡೆಗಳ ಮೇಲೆ ಒಡೆಯರ ವಂಶವೃಕ್ಷವಿದೆ, ಅವರ ಆಟದ ಮಣೆಗಳ ಚಿತ್ರಗಳಿವೆ. ನಾನು ಮೊದಲ ಸಲ ಹೋದಾಗ ಗುಂಪೆಲ್ಲ ರವಿವರ್ಮನ ಚಿತ್ರಗಳ ಮುಂದಿತ್ತು. ಗೋಡೆಯ ಮಣೆಗಳ ಮುಂದೆ ಇಬ್ಬರು ಶಾಲಾ ಹುಡುಗರು ನಿಂತು, ಬೆರಳಿನಲ್ಲಿ ಗಾಳಿಯ ಮೇಲೆ ಮನೆ ಎಣಿಸುತ್ತ, ಇದನ್ನು ಆಡುವುದು ಹೇಗೆಂದು ತಮ್ಮತಮ್ಮಲ್ಲಿ ವಾದಿಸುತ್ತಿದ್ದರು.